ದಾಲ್ ಮಿಲ್ಲಿಗೆ ಪೂರ್ತಿ ಕಂಪ್ಯೂಟರ್ ಲೈನ್ ಹಾಕಿಸಬೇಕೇ? ಅನುಭವ ಇದ್ದವರು ಹೇಳಿ

ಗಂಜ್ ರಸ್ತೆ
ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ನಮ್ಮದೊಂದು ಸಣ್ಣ ದಾಲ್ ಮಿಲ್ ಇದೆ. ಅಪ್ಪ ಹಾಕಿದ್ದು, ಈಗ ನಾನು ನಡೆಸುತ್ತಿದ್ದೇನೆ. ಎಮರಿ ರೋಲರ್, ಜರಡಿ, ಎಲಿವೇಟರ್ ಎಲ್ಲವೂ ಅಪ್ಪನ ಕಾಲದವು. ತೊಗರಿಗೆ ಎಣ್ಣೆ ಹಚ್ಚಿ, ನೀರು ಕೊಟ್ಟು, ಅಂಗಳದಲ್ಲಿ ಹರವಿ ಬಿಸಿಲಿಗೆ ಒಣಗಿಸುತ್ತೇವೆ. ಒಡೆದ ಬೇಳೆಯನ್ನು ಕೊನೆಗೆ ಹೆಣ್ಣುಮಕ್ಕಳು ಕುಳಿತು ಆರಿಸುತ್ತಾರೆ.

ಈಗ ಡೀಲರ್ ಒಬ್ಬರು ಬೆನ್ನು ಹತ್ತಿದ್ದಾರೆ. ಡ್ರೈಯರ್, ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಸಣ್ಣ ಕಂಪ್ಯೂಟರ್) ಪ್ಯಾನೆಲ್, ಟಚ್ ಸ್ಕ್ರೀನ್, ಬಣ್ಣ ನೋಡಿ ಕೆಟ್ಟ ಬೇಳೆ ಬೇರ್ಪಡಿಸುವ ಕಲರ್ ಸಾರ್ಟರ್, ತಾನೇ ತೂಗಿ ಚೀಲ ತುಂಬುವ ಯಂತ್ರ, ಎಲ್ಲ ಸೇರಿ ಒಂದೇ ಲೈನ್. ಬ್ಯಾಂಕಿನವರೂ ಸಾಲ ಕೊಡಲು ತಯಾರಿದ್ದಾರೆ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಊರಿನ ಹೆಸರು ಹೇಳಿ ಮಾರುವ ಅವಕಾಶವೇನೋ ಬಂದಿದೆ, ಆದರೆ ಹೊರಗಿನ ಖರೀದಿದಾರರಿಗೆ ಪ್ರತಿ ಚೀಲವೂ ಒಂದೇ ಬಣ್ಣ, ಒಂದೇ ಗಾತ್ರ ಇರಬೇಕು. ಕೈಯಿಂದ ಆರಿಸಿದ ಮಾಲಿನಲ್ಲಿ ಅದು ಕಷ್ಟ.

ನನಗೆ ಎರಡು ಚಿಂತೆ. ಆರಿಸುವವರಲ್ಲಿ ಕೆಲವರು ನಾನು ಶಾಲೆಗೆ ಹೋಗುತ್ತಿದ್ದಾಗಿನಿಂದ ನಮ್ಮಲ್ಲಿದ್ದಾರೆ, ಅವರಿಗೆ ಏನು ಹೇಳಲಿ? ಸುಗ್ಗಿಯ ನಡುವೆ ಯಂತ್ರ ನಿಂತರೆ ಯಾರನ್ನು ಕರೆಯಲಿ? ಹಾಕಿಸಿದವರು ಒಳ್ಳೆಯದು, ಕೆಟ್ಟದ್ದು ಎರಡನ್ನೂ ಬಿಡಿಸಿ ಹೇಳಿ.

ಫಟ್ಕಾ ವ್ಯಾಪಾರಿ
ಹಾಕಿಸಿ ಅಣ್ಣಾ, ಇದರಲ್ಲಿ ಯೋಚನೆ ಮಾಡುವುದೇನಿದೆ? ಗಂಜ್ ಮಾರುಕಟ್ಟೆಯಲ್ಲಿ ಸಾರ್ಟೆಕ್ಸ್ (ಸಾರ್ಟರ್‌ನಲ್ಲಿ ಆರಿಸಿದ) ಮಾಲಿಗೆ ಒಂದು ದರ, ಸಾರ್ಟೆಕ್ಸ್ ಆಗದ ಮಾಲಿಗೆ ಇನ್ನೊಂದು ದರ. ಹೈದರಾಬಾದಿನ ಪಾರ್ಟಿ ಸ್ಯಾಂಪಲ್ ಕೈಗೆ ತೆಗೆದುಕೊಂಡ ಕೂಡಲೇ ಕೇಳುವ ಮೊದಲ ಪ್ರಶ್ನೆಯೇ ಅದು. ಇನ್ನೆರಡು ವರ್ಷ ತಡ ಮಾಡಿದರೆ ನಿಮ್ಮ ಮಾಲನ್ನು ಕೇಳುವವರೇ ಇರುವುದಿಲ್ಲ.

ಆರಿಸುವವಳ ಮಗಳು
ನನ್ನ ಅವ್ವ ಇಂಥದೇ ಒಂದು ಮಿಲ್ಲಿನಲ್ಲಿ ಬೇಳೆ ಆರಿಸಿ ನಮ್ಮನ್ನು ಓದಿಸಿದಳು. ಸಂಜೆ ಮನೆಗೆ ಬಂದ ಮೇಲೆ ಕುತ್ತಿಗೆ ತಿರುಗಿಸಲು ಆಗುತ್ತಿರಲಿಲ್ಲ, ಮೂಗಿನ ತುಂಬ ಹೊಟ್ಟಿನ ಧೂಳು. ಆದ್ದರಿಂದ ಆ ಕೆಲಸ ಹಾಗೆಯೇ ಉಳಿಯಲಿ ಎಂದು ನಾನು ಹೇಳುವುದಿಲ್ಲ. ಆದರೆ ಅವಳ ಮಿಲ್ಲಿಗೆ ಸಾರ್ಟರ್ ಬಂದಾಗ ನಡೆದದ್ದನ್ನು ಹೇಳಲೇಬೇಕು. ಶನಿವಾರ ಬಟವಾಡೆ ಕೊಡುವಾಗ ಮುನೀಮರು "ಸೋಮವಾರದಿಂದ ಬರುವುದು ಬೇಡ" ಎಂದರು, ಅಷ್ಟೇ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ, ಪಿಎಫ್ ಇಲ್ಲ, ಇಷ್ಟು ವರ್ಷ ದುಡಿದದ್ದಕ್ಕೆ ಒಂದು ಕಾಗದವೂ ಇಲ್ಲ. ಹೊಸ ಯಂತ್ರದ ಮುಂದೆ ನಿಲ್ಲಿಸಿದ್ದು ಇಬ್ಬರು ಹುಡುಗರನ್ನು, ಅವರು ಅಲ್ಲಿಯವರೆಗೆ ಒಂದು ಹಿಡಿ ಬೇಳೆಯನ್ನೂ ಆರಿಸಿದವರಲ್ಲ.

ಅಣ್ಣಾ, ನಿಮ್ಮಲ್ಲಿರುವ ಹೆಣ್ಣುಮಕ್ಕಳಿಗೆ ಹುಳುಕು ಬೇಳೆ ಯಾವುದು, ಸಿಪ್ಪೆ ಉಳಿದದ್ದು ಯಾವುದು, ಒಣಗುವಾಗ ಕೆಂಪಾದದ್ದು ಯಾವುದು ಎಂದು ಬೆರಳ ತುದಿಯಲ್ಲಿ ಗೊತ್ತಿದೆ. ಪರದೆಯ ಮೇಲೆ ಗುಂಡಿ ಒತ್ತುವುದನ್ನು ಕಲಿಸಿದರೆ ಯಂತ್ರವನ್ನು ಅವರೇ ಎಲ್ಲರಿಗಿಂತ ಚೆನ್ನಾಗಿ ನಡೆಸುತ್ತಾರೆ.

ಭೀಮಾ ತೀರ
ಅಕ್ಕ ಹೇಳಿದ್ದು ನೂರಕ್ಕೆ ನೂರು ಸತ್ಯ. ಕಂಪ್ಯೂಟರ್ ಬಂದ ಕಡೆಯೆಲ್ಲ ಮೊದಲು ಹೊರಗೆ ಹೋಗುವವರು ಬಡವರೇ. ನಮ್ಮ ಎಂ.ಎಸ್.ಕೆ. ಬಟ್ಟೆ ಮಿಲ್ ಮುಚ್ಚಿ ಸಾವಿರಾರು ಮನೆಗಳ ಒಲೆ ಆರಿದ್ದನ್ನು ಈ ಊರು ಮರೆತಿಲ್ಲ.

ಉಪನ್ಯಾಸಕ
ಮರೆಯಬಾರದು ನಿಜ, ಆದರೆ ಉದಾಹರಣೆ ತಿರುಗುಮುರುಗಾಗಿದೆ. ನಿಜಾಮರ ಕಾಲದಲ್ಲಿ ಶುರುವಾದ ಎಂ.ಎಸ್.ಕೆ. ಮಿಲ್ಲನ್ನು ಮುಚ್ಚಿಸಿದ್ದು ಕಂಪ್ಯೂಟರ್ ಅಲ್ಲ. ದೇಶದ ಹಳೆಯ ಬಟ್ಟೆ ಗಿರಣಿಗಳಲ್ಲಿ ಬಹಳಷ್ಟು ಹಳೆಯ ಮಗ್ಗಗಳನ್ನು ಹಿಡಿದುಕೊಂಡೇ ರೋಗಗ್ರಸ್ತವಾದವು. ಯಂತ್ರ ಬದಲಿಸದೇ ಇದ್ದದ್ದಕ್ಕೂ ಕೆಲಸ ಹೋಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪರ್ಸಿ ಕಲ್ಲು
ಸರ್ ಹೇಳಿದ್ದಕ್ಕೆ ಶಹಾಬಾದೇ ಸಾಕ್ಷಿ. ನಮ್ಮ ಪರ್ಸಿ, ಅಂದರೆ ಶಹಾಬಾದ್ ಕಲ್ಲು, ಒಂದು ಕಾಲಕ್ಕೆ ಎಲ್ಲಿರಲಿಲ್ಲ? ರೈಲು ನಿಲ್ದಾಣ, ಶಾಲೆ, ಬಾಡಿಗೆ ಮನೆ, ಎಲ್ಲ ಕಡೆಯೂ ನೆಲಕ್ಕೆ ಅದೇ. ಅದರ ಮಾರುಕಟ್ಟೆಯನ್ನು ಕಿತ್ತುಕೊಂಡದ್ದು ಗುಜರಾತಿನ ಮೋರ್ಬಿಯ ಟೈಲ್ಸ್. ಅಲ್ಲಿ ಮಣ್ಣು ಒತ್ತುವುದರಿಂದ ಹಿಡಿದು ಡಬ್ಬಕ್ಕೆ ತುಂಬುವವರೆಗೆ ಎಲ್ಲವೂ ಸ್ವಯಂಚಾಲಿತ. ಈಗ ಇಂಕ್‌ಜೆಟ್‌ನಲ್ಲಿ ಕಲ್ಲಿನ ಚಿತ್ರವನ್ನೇ ಟೈಲ್ಸ್ ಮೇಲೆ ಮುದ್ರಿಸುತ್ತಾರೆ. ನಮ್ಮ ಊರಿಗೆ ಒಂದು ಕಂಪ್ಯೂಟರ್ ಬರದೇ ಇದ್ದರೂ ಬೇರೆ ಊರಿನ ಕಂಪ್ಯೂಟರ್ ಬಂದು ನಮ್ಮ ಕೆಲಸ ತೆಗೆದುಕೊಂಡು ಹೋಯಿತು.

ನನ್ನ ಪಾಲಿಶ್ ಘಟಕದಲ್ಲಿ ನೀರು ಹರಿಸಿ ಕೊಯ್ಯುವ ಯಂತ್ರ ಹಾಕಿದ ಮೇಲೆ ಧೂಳು ತಗ್ಗಿದೆ, ಅಂಚು ನೇರ ಬರುತ್ತದೆ, ಒಡೆದು ಹಾಳಾಗುವ ಕಲ್ಲೂ ಕಡಿಮೆ. ಕೆಲಸದವರೂ ಕಡಿಮೆ ಆದರು, ಮುಚ್ಚಿಡುವುದಿಲ್ಲ. ಆದರೆ ಉಳಿದವರು ಕೆಮ್ಮದೆ ಉಸಿರಾಡುತ್ತಿದ್ದಾರೆ.

ವಾಡಿ ಪಾಳಿ
ನಾನು ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಯಂತ್ರವೇ ಬೇಡ ಎನ್ನುವವರು ಹಳೆಯ ಕಿಲ್ನ್ (ಸಿಮೆಂಟಿನ ಮಾಲು ಸುಡುವ ತಿರುಗುವ ಕುಲುಮೆ) ಮುಂದೆ ಒಂದು ಪಾಳಿ ನಿಂತಿರಬೇಕಿತ್ತು. ಒಳಗೆ ಮಾಲು ಸುಮಾರು 1,450 ಡಿಗ್ರಿಗೆ ಕಾಯುತ್ತದೆ. ಬರ್ನರ್ ಕೆಲಸದವನು ನೀಲಿ ಗಾಜನ್ನು ಕಣ್ಣಿಗೆ ಹಿಡಿದು ಸಣ್ಣ ಕಿಂಡಿಯಲ್ಲಿ ಇಣುಕುತ್ತಿದ್ದ. ಜ್ವಾಲೆಯ ಬಣ್ಣ ನೋಡಿ, ಸುಟ್ಟು ಗಂಟುಗಟ್ಟಿದ ಮಾಲು, ಅಂದರೆ ಕ್ಲಿಂಕರ್, ಗೋಡೆಯ ಮೇಲೆ ಎಷ್ಟು ಎತ್ತರಕ್ಕೆ ಏರಿ ಉರುಳುತ್ತಿದೆ ಎಂದು ನೋಡಿ, ಕಲ್ಲಿದ್ದಲು ಹೆಚ್ಚು ಮಾಡು, ಕಡಿಮೆ ಮಾಡು ಎನ್ನುತ್ತಿದ್ದ. ಎಲ್ಲವೂ ಅವನ ಕಣ್ಣಿನ ಮೇಲೆ ನಿಂತಿತ್ತು. ಅವನು ರಜೆ ಹಾಕಿದ ದಿನ ಕ್ಲಿಂಕರ್ ಗುಣವೇ ಬದಲಾಗುತ್ತಿತ್ತು.

ಕಂಟ್ರೋಲ್ ರೂಮ್ ಬಂದ ಮೇಲೆ ತಾಪ, ಆಮ್ಲಜನಕ, ಕಾರ್ಬನ್ ಮಾನಾಕ್ಸೈಡ್, ಕಿಲ್ನ್ ತಿರುಗಿಸುವ ಮೋಟಾರ್ ಎಷ್ಟು ಆಂಪಿಯರ್ ಎಳೆಯುತ್ತಿದೆ ಎಂಬುದೆಲ್ಲ ಪರದೆಯ ಮೇಲೆ ಬಂತು. ಪ್ರಯೋಗಾಲಯದಲ್ಲಿ ಎಕ್ಸ್-ರೇ ಯಂತ್ರ ನಿಮಿಷಗಳಲ್ಲಿ ಸುಣ್ಣ, ಸಿಲಿಕಾ ಎಷ್ಟಿದೆ ಎಂದು ಹೇಳುತ್ತದೆ. ಇಂಧನ ಉಳಿಯಿತು, ಮಾಲು ಒಂದೇ ಸಮ ಬಂತು, ಮನುಷ್ಯ ಬೆಂಕಿಯಿಂದ ದೂರ ಸರಿದ. ಇದು ದೊಡ್ಡ ಉಪಕಾರ.

ಇನ್ನು ಕೆಟ್ಟದ್ದು. ಹೊಸ ಹುಡುಗರು ಪರದೆಯನ್ನೇ ನಂಬಿದರು. ಪುಡಿಯನ್ನು ಮೊದಲೇ ಕಾಯಿಸುವ ಪ್ರಿಹೀಟರ್ ಸೈಕ್ಲೋನಿನಲ್ಲಿ ತಾಪ ಅಳೆಯುವ ಥರ್ಮೊಕಪಲ್ ಮೇಲೆ ಪುಡಿ ಹೆಪ್ಪುಗಟ್ಟಿದರೆ ಅದು ಸುಳ್ಳು ತಾಪ ತೋರಿಸುತ್ತದೆ. ಪರದೆ ಎಲ್ಲ ಸರಿಯಾಗಿದೆ ಎನ್ನುತ್ತಿರುವಾಗ ಕೆಳಗೆ ಸೈಕ್ಲೋನ್ ಕಟ್ಟಿಕೊಂಡಿರುತ್ತದೆ. ಹಳಬರಿಗೆ ಪೈಪಿನ ಸದ್ದಿನಲ್ಲೇ ಅದು ತಿಳಿಯುತ್ತಿತ್ತು. ಇನ್ನೂ ಒಂದು ಮಾತು: ಕಟ್ಟಿಕೊಂಡ ಸೈಕ್ಲೋನನ್ನು ಬಿಡಿಸುವ ಕೆಲಸ ಎಲ್ಲಕ್ಕಿಂತ ಅಪಾಯದ್ದು, ಬಿಸಿ ಪುಡಿ ಒಮ್ಮೆಲೇ ಧುಮ್ಮಿಕ್ಕುತ್ತದೆ. ಎಷ್ಟೋ ಕಡೆ ಅದನ್ನು ಇವತ್ತಿಗೂ ಸಲಾಕೆ ಹಿಡಿದು ಗುತ್ತಿಗೆ ಕಾರ್ಮಿಕರೇ ಮಾಡುತ್ತಾರೆ. ಮೊದಲು ಯಂತ್ರ ಬರಬೇಕಾಗಿದ್ದ ಜಾಗ ಅದು.

ಭೀಮಾ ತೀರ
ಕಾಕಾ, ನನ್ನ ಸಿಟ್ಟು ಇದರ ಮೇಲೆಯೇ. ಮಾಲೀಕರು ಯಂತ್ರ ತರುವಾಗ ಎಲ್ಲಿ ಸಂಬಳ ಉಳಿಯುತ್ತದೆ ಎಂದು ನೋಡುತ್ತಾರೆ, ಎಲ್ಲಿ ಜೀವ ಉಳಿಯುತ್ತದೆ ಎಂದು ನೋಡುವುದಿಲ್ಲ.

ಫಟ್ಕಾ ವ್ಯಾಪಾರಿ
ಎಲ್ಲ ಮಾಲೀಕರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಸುಗ್ಗಿಯಲ್ಲಿ ಹಮಾಲರೇ ಸಿಗದೆ ಲಾರಿ ನಿಲ್ಲಿಸಿಕೊಂಡು ಒದ್ದಾಡುವ ಮಿಲ್ಲುಗಳು ಎಷ್ಟಿಲ್ಲ? ನಮ್ಮ ತಾಂಡಾ, ಹಳ್ಳಿಗಳ ಜನ ಮುಂಬೈ, ಪುಣೆಗೆ ಗುಳೆ ಹೋದ ಮೇಲೆ ಚೀಲ ಹೊರುವವರು ಯಾರು?

ಭೀಮಾ ತೀರ
ಗುಳೆ ಹೋಗುವುದು ಇಲ್ಲಿ ಕೂಲಿ ಸಾಲದೆ. ಅದೇ ಹಮಾಲನಿಗೆ ಅಲ್ಲಿ ಕೊಡುವ ಕೂಲಿಯನ್ನು ಇಲ್ಲಿಯೇ ಕೊಡಿ, ಯಾರು ಊರು ಬಿಡುತ್ತಾರೆ ನೋಡೋಣ.

ಪ್ಯಾನೆಲ್ ಮಿಸ್ತ್ರಿ
ಇಬ್ಬರೂ ಸ್ವಲ್ಪ ತಡೆಯಿರಿ, ಕೇಳಿದವರ ಎರಡನೇ ಪ್ರಶ್ನೆ ಹಾಗೆಯೇ ಉಳಿದಿದೆ. ನಾನು ಈ ಭಾಗದ ಮಿಲ್ಲು, ಜಿನ್ನಿಂಗ್ (ಹತ್ತಿಯಿಂದ ಬೀಜ ಬೇರ್ಪಡಿಸುವ) ಕಾರ್ಖಾನೆಗಳ ಪ್ಯಾನೆಲ್ ರಿಪೇರಿ ಮಾಡುತ್ತೇನೆ. ಸಾರ್ಟರ್ ಹೇಗೆ ನಡೆಯುತ್ತದೆ ಎಂದು ತಿಳಿದುಕೊಂಡರೆ ಎಲ್ಲಿ ಕೆಡುತ್ತದೆ ಎಂಬುದೂ ತಿಳಿಯುತ್ತದೆ.

ಬೇಳೆ ಇಳಿಜಾರಾದ ಜಾರುಹಲಗೆಗಳ ಮೇಲೆ ಸಾಲಾಗಿ ಜಾರಿ ಬೀಳುತ್ತದೆ. ಬೀಳುವಾಗ ಎರಡೂ ಕಡೆಯ ಕ್ಯಾಮೆರಾಗಳು ಒಂದೊಂದು ಬೇಳೆಯನ್ನೂ ನೋಡುತ್ತವೆ. ಬಣ್ಣ ಬೇರೆ ಕಂಡರೆ, ಅದು ಕೆಳಗೆ ಬರುವ ಹೊತ್ತಿಗೆ ಸರಿಯಾಗಿ ಒಂದು ವಾಲ್ವ್ ತೆರೆದು ಗಾಳಿಯ ಹೊಡೆತ ಕೊಟ್ಟು ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿದಿರುತ್ತದೆ. ಆದ್ದರಿಂದ ಮೂರು ಶತ್ರುಗಳು. ಕಂಪ್ರೆಸರ್ ಗಾಳಿಯಲ್ಲಿ ನೀರು, ಎಣ್ಣೆ ಬಂದರೆ ವಾಲ್ವ್ ಅಂಟಿಕೊಳ್ಳುತ್ತದೆ, ಏರ್ ಡ್ರೈಯರ್ ಇಲ್ಲದೆ ಸಾರ್ಟರ್ ಹಾಕಬೇಡಿ. ಗಾಜಿನ ಮೇಲೆ ಹೊಟ್ಟಿನ ಧೂಳು ಕುಳಿತರೆ ಒಳ್ಳೆಯ ಬೇಳೆಯನ್ನೂ ಕೆಟ್ಟದ್ದೆಂದು ಹೊಡೆದು ಹಾಕುತ್ತದೆ, ಆಗ ನಷ್ಟ ನಿಮಗೆ. ವೋಲ್ಟೇಜ್ ಏರುಪೇರಾದರೆ ಕಾರ್ಡ್ ಸುಡುತ್ತದೆ. ಸ್ಟೆಬಿಲೈಜರ್, ಒಳ್ಳೆಯ ಅರ್ಥಿಂಗ್, ಸಾರ್ಟರ್ ಕೋಣೆಗೆ ಎಸಿ, ಇವುಗಳ ಖರ್ಚನ್ನು ಕೊಟೇಶನ್‌ನಲ್ಲಿ ಬಹಳ ಜನ ತೋರಿಸುವುದೇ ಇಲ್ಲ.

ಪಿಎಲ್‌ಸಿ ವಿಷಯ ಇನ್ನೂ ಮುಖ್ಯ. ಒಂದು ಮಿಲ್ಲಿನಲ್ಲಿ ಪ್ಯಾನೆಲ್ ಮಾಡಿಕೊಟ್ಟವರು ಪ್ರೋಗ್ರಾಂಗೆ ಪಾಸ್‌ವರ್ಡ್ ಹಾಕಿ ಹೋಗಿದ್ದರು. ಹಳೆಯ ಮಾದರಿಯ ಪಿಎಲ್‌ಸಿ, ಒಳಗೆ ರೂಪಾಯಿ ನಾಣ್ಯದಷ್ಟು ಬ್ಯಾಟರಿ. ಅದು ಸತ್ತ ಮೇಲೆ ಒಮ್ಮೆ ಕರೆಂಟ್ ಹೋಗಿ ಬಂದಾಗ ಪ್ರೋಗ್ರಾಂ ಪೂರ್ತಿ ಅಳಿಸಿಹೋಯಿತು. ಮೋಟಾರ್ ಎಲ್ಲ ಸರಿ, ವೈರ್ ಎಲ್ಲ ಸರಿ, ಮಿಲ್ ಮಾತ್ರ ಹೆಣದಂತೆ ಬಿದ್ದಿತ್ತು. ಮಾಡಿಕೊಟ್ಟವರು ಫೋನ್ ಎತ್ತಲಿಲ್ಲ. ಕೊನೆಗೆ ವೈರಿಂಗ್ ಒಂದೊಂದಾಗಿ ಹುಡುಕಿ ಪ್ರೋಗ್ರಾಂ ಹೊಸದಾಗಿ ಬರೆಯಬೇಕಾಯಿತು. ನೂರಿನ್ನೂರು ರೂಪಾಯಿಯ ಬ್ಯಾಟರಿ ಸುಗ್ಗಿಯನ್ನೇ ನುಂಗಿತು.

ಉಪನ್ಯಾಸಕ
ಮಿಸ್ತ್ರಿಯವರೇ, ಇದನ್ನು ನಮ್ಮ ಹುಡುಗರಿಗೆ ತರಗತಿಯಲ್ಲಿ ಓದಿ ಹೇಳುತ್ತೇನೆ. ಪಿಎಲ್‌ಸಿ ಹುಟ್ಟಿದ್ದೇ ಬದಲಾವಣೆ ಸುಲಭವಾಗಲಿ ಎಂದು. 1968ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿಗೆ ಕಾರಿನ ಮಾದರಿ ಬದಲಾದಾಗಲೆಲ್ಲ ರಿಲೇಗಳ (ವಿದ್ಯುತ್ತಿನಿಂದ ನಡೆಯುವ ಸ್ವಿಚ್‌ಗಳ) ಗೋಡೆಯನ್ನೇ ಕಿತ್ತು ಹೊಸದಾಗಿ ವೈರ್ ಎಳೆಯುವ ಕಾಟವಿತ್ತು. ಅದನ್ನು ತಪ್ಪಿಸಲು ಡಿಕ್ ಮೋರ್ಲಿ ಮತ್ತು ಸಂಗಡಿಗರು ಮೋಡಿಕಾನ್ 084 ಮಾಡಿದರು. ವೈರ್ ಮುಟ್ಟದೆ ಪ್ರೋಗ್ರಾಂ ಬದಲಿಸಿದರೆ ಸಾಕು ಎಂಬುದೇ ಅದರ ಜೀವಾಳ. ಪಾಸ್‌ವರ್ಡ್ ಹಾಕಿ ಗಿರಾಕಿಯ ಕೈ ಕಟ್ಟಿದರೆ ಆ ಉದ್ದೇಶವೇ ಮಣ್ಣುಪಾಲು.

ಕಡೇಚೂರು ಹುಡುಗ
ಸರ್, ಕಲಿತವರಿಗೆ ಕೆಲಸ ಎಲ್ಲಿದೆ? ನಾನು ಯಾದಗಿರಿಯವನು, ಡಿಪ್ಲೊಮಾ ಮಾಡಿದ್ದೇನೆ. ನಮ್ಮ ಕಡೇಚೂರಿನ ಕೈಗಾರಿಕಾ ಪ್ರದೇಶಕ್ಕೆ ಔಷಧ, ರಾಸಾಯನಿಕ ಘಟಕಗಳು ಬಂದವು, ರೈತರು ಭೂಮಿ ಕೊಟ್ಟರು. ಸಂದರ್ಶನಕ್ಕೆ ಹೋದ ಒಂದು ಕಡೆ ರಿಯಾಕ್ಟರ್ ಕಂಟ್ರೋಲ್ ಗೊತ್ತೇ, ಅನುಭವ ಇದೆಯೇ ಎಂದು ಕೇಳಿ, ಇಲ್ಲ ಎಂದಾಗ ಡ್ರಮ್ ಇಳಿಸುವ ಗುತ್ತಿಗೆ ಕೆಲಸ ತೋರಿಸಿದರು. ಪರದೆಯ ಮುಂದೆ ಕುಳಿತವರೆಲ್ಲ ಬೇರೆ ರಾಜ್ಯದವರು. ಅನುಭವ ಕೊಡದೆ ಅನುಭವ ಕೇಳಿದರೆ ಎಲ್ಲಿಂದ ತರಲಿ? ನಮ್ಮ ಭಾಗಕ್ಕೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ಇದ್ದೂ ಇದೇಕೆ ಹೀಗೆ?

ಭೀಮಾ ತೀರ
ತಮ್ಮಾ, 371(ಜೆ) ಮೀಸಲಾತಿ ಸರ್ಕಾರಿ ನೌಕರಿಗೂ ಕಾಲೇಜು ಸೀಟಿಗೂ ಮಾತ್ರ. ಖಾಸಗಿ ಕಾರ್ಖಾನೆಗೆ ಅನ್ವಯಿಸುವುದಿಲ್ಲ. ಅದಕ್ಕೆ ಬೇರೆ ಹೋರಾಟವೇ ಬೇಕು.

ವಾಡಿ ಪಾಳಿ
ರಿಯಾಕ್ಟರ್ ಕೆಲಸ ಸ್ವಯಂಚಾಲಿತವಾಗಿರುವುದು ಒಳ್ಳೆಯದೇ ಮಗನೇ, ದ್ರಾವಕದ ಆವಿ ಕುಡಿದು ಕೆಲಸ ಮಾಡುವ ಪಾಡು ಯಾರಿಗೂ ಬೇಡ. ಆದರೆ ನಿನ್ನ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಕೊಡಲೇಬೇಕು.

ಉಪನ್ಯಾಸಕ
ಕೆಲವು ವರ್ಷಗಳ ಹಿಂದೆ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಉನ್ನತೀಕರಿಸಿದರು. ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಲೋಹ ಕೊಯ್ಯುವ ಯಂತ್ರ), ರೋಬೊಟ್ ಎಲ್ಲ ಬಂದವು. ಕಲಬುರಗಿಯಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಕೂಡ ಇದೆ. ಹುಡುಗರು ಸಿಎನ್‌ಸಿಯಲ್ಲಿ ಜಿ01 (ನೇರ ಗೆರೆಯಲ್ಲಿ ಕೊಯ್ಯುವ ಆದೇಶ) ಕೊಟ್ಟು ಮೊದಲ ಬಾರಿ ಲೋಹ ಕೊಯ್ದಾಗ ಅವರ ಮುಖ ನೋಡಬೇಕು. ಕೊರತೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಇಲ್ಲಿನ ಕಾರ್ಖಾನೆಗಳು ಆರು ತಿಂಗಳು ಅಪ್ರೆಂಟಿಸ್ ಆಗಿ ಪರದೆಯ ಮುಂದೆ ಕೂರಿಸಿಕೊಂಡರೆ ಹೊರಗಿನಿಂದ ಜನ ತರುವ ಅಗತ್ಯವೇ ಬೀಳುವುದಿಲ್ಲ.

ಮಾಂಜ್ರಾ ಕಬ್ಬು
ನೀವೆಲ್ಲ ಕಾರ್ಖಾನೆಯ ಒಳಗಿನದು ಹೇಳುತ್ತಿದ್ದೀರಿ, ನಾನು ಗೇಟಿನ ಹೊರಗಿನವನು. ಭಾಲ್ಕಿ ತಾಲ್ಲೂಕಿನ ಕಬ್ಬು ಬೆಳೆಗಾರ. ತೂಕದ ಸೇತುವೆ ಕಂಪ್ಯೂಟರ್ ಆದಾಗ ನಾವು ಸಂತೋಷಪಟ್ಟೆವು. ಚೀಟಿ ಮುದ್ರಣವಾಗಿ ಬರುತ್ತದೆ, ಮೊಬೈಲಿಗೆ ಸಂದೇಶ ಬರುತ್ತದೆ. ಆದರೆ ಹೊರಗಿನ ಕಾಟಾದಲ್ಲಿ ತೂಗಿ ಒಯ್ದ ಟ್ರ್ಯಾಕ್ಟರ್ ಒಂದು ಕಾರ್ಖಾನೆಯಲ್ಲಿ ಕ್ವಿಂಟಲ್‌ಗಟ್ಟಲೆ ಕಡಿಮೆ ತೋರಿಸಿತು. ಕೇಳಿದರೆ "ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ" ಎಂದರು. ಅದೇ ಉತ್ತರ ನನಗೆ ಹೊಟ್ಟೆ ಉರಿಸುತ್ತದೆ.

ಪ್ಯಾನೆಲ್ ಮಿಸ್ತ್ರಿ
ಕಂಪ್ಯೂಟರ್ ಸುಳ್ಳು ಹೇಳದಿರಬಹುದು, ಅದಕ್ಕೆ ಲೆಕ್ಕ ಹೇಳಿಕೊಟ್ಟವರು ಹೇಳಬಹುದು. ಸೇತುವೆಯ ಕೆಳಗೆ ಭಾರ ಅಳೆಯುವ ಲೋಡ್ ಸೆಲ್‌ಗಳಿರುತ್ತವೆ, ಅವುಗಳ ಸಂಕೇತಕ್ಕೆ ಎಷ್ಟು ಕಿಲೋ ಎಂದು ಕ್ಯಾಲಿಬ್ರೇಶನ್‌ನಲ್ಲಿ ಹೇಳಬೇಕು. ಕಾನೂನು ಮಾಪನ ಇಲಾಖೆಯವರು ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಹಾಕಬೇಕು. ಮುದ್ರೆಯ ದಿನಾಂಕ ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಖಾಲಿ ಟ್ರ್ಯಾಕ್ಟರ್ ತೂಗುವಾಗ ಪರದೆ ಸೊನ್ನೆಯಿಂದ ಶುರುವಾಯಿತೇ ಎಂದು ನಿಂತು ನೋಡಿ.

ಹತ್ತಿ ಗಿರಣಿ
ಶಹಾಪುರದಿಂದ. ನಮ್ಮ ಜಿನ್ನಿಂಗ್‌ನಲ್ಲಿ ಮೊದಲು ಹೆಣ್ಣುಮಕ್ಕಳು ಹತ್ತಿಯನ್ನು ತಲೆಯ ಮೇಲೆ ಹೊತ್ತು ತಂದು ಜಿನ್‌ಗೆ ಸುರಿಯುತ್ತಿದ್ದರು. ಈಗ ಗಾಳಿಯ ಪೈಪ್ ಎಳೆದುಕೊಳ್ಳುತ್ತದೆ. ನಾನು ಹೆಚ್ಚು ಬೆಲೆ ಕೊಡುವುದು ಪೈಪಿನೊಳಗಿನ ಕಿಡಿ ಪತ್ತೆ ಮಾಡುವ ಸೆನ್ಸರ್‌ಗೆ. ಹತ್ತಿಯಲ್ಲಿ ಒಂದು ಕಲ್ಲೋ ಮೊಳೆಯೋ ಬಂದು ಕಿಡಿ ಹಾರಿದರೆ ತಕ್ಷಣ ಆ ಹತ್ತಿಯನ್ನು ಬೇರೆ ದಾರಿಗೆ ತಿರುಗಿಸುತ್ತದೆ. ಜಿನ್ನಿಂಗ್ ಬೆಂಕಿ ನೋಡಿದವರಿಗೆ ಅದರ ಬೆಲೆ ಗೊತ್ತು.

ಕೋಟೆ ಮಣ್ಣು
ಬೀದರ್‌ನಿಂದ ಒಂದು ಮಾತು. ಎಲ್ಲ ತಯಾರಿಕೆಯೂ ಒಂದೇ ಅಲ್ಲ. ನಮ್ಮದು ಬಿದರಿ ಕೆಲಸ, ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸುವ ಕೈಕಲೆ. ಈಗ ಲೇಸರ್ ಯಂತ್ರದಲ್ಲಿ ಹೂಬಳ್ಳಿ ಕೊರೆದು, ಕಪ್ಪು ಬಣ್ಣ ಬಳಿದು "ಬಿದರಿ" ಎಂದು ಮಾರುವವರಿದ್ದಾರೆ. ಅದರ ಬೆಲೆಗೆ ನಾವು ಬೆಳ್ಳಿಯ ತಂತಿಯನ್ನೂ ಕೊಳ್ಳಲಾಗುವುದಿಲ್ಲ.

ಫಟ್ಕಾ ವ್ಯಾಪಾರಿ
ಸಾಹೇಬರೇ, ಕಬ್ಬಿಣದ ಮೇಲೆ ಬೆಳ್ಳಿ ಕೂರಿಸುವುದನ್ನು ಯಂತ್ರ ಮಾಡಿದರೆ ತಪ್ಪೇನು? ಅಗ್ಗಕ್ಕೆ ಸಿಕ್ಕರೆ ಹೆಚ್ಚು ಜನ ಕೊಳ್ಳುತ್ತಾರೆ.

ಕೋಟೆ ಮಣ್ಣು
ಕಬ್ಬಿಣ ಅಲ್ಲ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತೇವೆ, ಹದಿನಾರಕ್ಕೆ ಒಂದರಷ್ಟು. ಅರದಿಂದ ಉಜ್ಜಿ, ಮೈಲುತುತ್ತದ ನೀರು ಸವರಿದರೆ ಮೇಲ್ಮೈ ಕಪ್ಪಾಗುತ್ತದೆ, ಆಗ ಉಳಿಯ ಗೆರೆ ಕಾಣುತ್ತದೆ. ಕೆತ್ತಿದ ಗೆರೆಗೆ ಬೆಳ್ಳಿಯ ತಂತಿ ಬಡಿದು ಕೂರಿಸಿ ಮತ್ತೆ ಉಜ್ಜುತ್ತೇವೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚಿದರೆ ಲೋಹ ಮಾತ್ರ ಕಾಡಿಗೆಯಷ್ಟು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಣ್ಣ ಬಳಿದದ್ದು ಕೆಲವು ವರ್ಷಕ್ಕೆ ಎದ್ದು ಹೋಗುತ್ತದೆ, ಇದು ಹೋಗುವುದಿಲ್ಲ. 2006ರಲ್ಲಿ ಜಿಐ ಸಿಕ್ಕಿದ್ದು ಈ ವಿಧಾನಕ್ಕೆ. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದದ್ದೂ ಈ ಕೈಕೆಲಸಕ್ಕೆ.

ಹಾಗೆಂದು ನಾವು ಯಂತ್ರ ಮುಟ್ಟದವರಲ್ಲ. ಬಫಿಂಗ್‌ಗೆ (ಉಜ್ಜಿ ಹೊಳಪು ಕೊಡಲು) ಮೋಟಾರ್ ಬಂದು ಬಹಳ ಕಾಲವಾಯಿತು, ಮಗ ಹೊಸ ವಿನ್ಯಾಸವನ್ನು ಕಂಪ್ಯೂಟರ್‌ನಲ್ಲಿ ಬರೆಯುತ್ತಾನೆ. ಉಜ್ಜುವ ಶ್ರಮವನ್ನು ಯಂತ್ರ ತೆಗೆದುಕೊಳ್ಳಲಿ. ಉಳಿ ಹಿಡಿಯುವುದನ್ನು ಬಿಟ್ಟರೆ ನಮ್ಮ ಬಳಿ ಮಾರಲು ಏನೂ ಉಳಿಯುವುದಿಲ್ಲ.

ಆರಿಸುವವಳ ಮಗಳು
ಸಾಹೇಬರು ಹೇಳಿದ್ದು ತುಂಬ ಹಿಡಿಸಿತು. ಯಾವ ಕೆಲಸವನ್ನು ಯಂತ್ರಕ್ಕೆ ಕೊಡಬೇಕು ಎಂದು ಆ ಕೆಲಸ ಮಾಡುವವರನ್ನೇ ಕೇಳಬೇಕು. ಅವ್ವನನ್ನು ಯಾರಾದರೂ ಕೇಳಿದ್ದರೆ, ಹೊಟ್ಟು ತೂರುವುದನ್ನೂ ಚೀಲ ಎತ್ತುವುದನ್ನೂ ಮೊದಲು ಕೊಡಿ ಎನ್ನುತ್ತಿದ್ದಳು.

ಗಂಜ್ ರಸ್ತೆ
ಎಲ್ಲರಿಗೂ ಋಣಿ. ಇಷ್ಟು ವಿವರ ಡೀಲರ್ ಕೂಡ ಕೊಟ್ಟಿರಲಿಲ್ಲ. ಈ ವರ್ಷ ಡ್ರೈಯರ್, ಸಾರ್ಟರ್ ಎರಡನ್ನೇ ಹಾಕಿಸುತ್ತೇನೆ, ಪೂರ್ತಿ ಲೈನ್ ಬೇಡ. ಡ್ರೈಯರ್ ಯಾಕೆಂದರೆ ಅಕಾಲಿಕ ಮಳೆಗೆ ಅಂಗಳದ ಮಾಲು ನೆನೆದು ಹಾಳಾಗುವುದನ್ನು ಇನ್ನು ನೋಡಲಾರೆ. ಸಾರ್ಟರ್ ನಡೆಸಲು ನಮ್ಮ ಹೆಣ್ಣುಮಕ್ಕಳಲ್ಲೇ ನಾಲ್ವರಿಗೆ ತರಬೇತಿ ಕೊಡಿಸುತ್ತೇನೆ. ಅದು ಹೊಡೆದು ಹಾಕಿದ ಮಾಲಿನಲ್ಲಿಯೂ ಒಳ್ಳೆಯ ಬೇಳೆ ಇರುತ್ತದಲ್ಲ, ಅದನ್ನು ಮತ್ತೆ ಆರಿಸಲು, ಒಂದು ಕಿಲೋ ಪೊಟ್ಟಣ ಮಾಡಲು ಇನ್ನು ಕೆಲವರು ಬೇಕು. ಎಲ್ಲರಿಗೂ ಕೆಲಸ ಉಳಿಯುತ್ತದೆ ಎಂದು ಮಾತು ಕೊಡಲಾರೆ, ಹಾಜರಿ ಪುಸ್ತಕ ಮತ್ತು ಪಿಎಫ್ ವಿಷಯ ಮಾತ್ರ ಈ ತಿಂಗಳೇ ಸರಿಪಡಿಸುತ್ತೇನೆ.

ಭೀಮಾ ತೀರ
ಬಿಟ್ಟು ಹೋಗಬೇಕಾದವರಿಗೆ ಒಂದಿಷ್ಟು ಇಡಿಗಂಟು ಕೊಡಿ ಅಣ್ಣಾ. ಬ್ಯಾಂಕ್ ಸಾಲದ ಲೆಕ್ಕದಲ್ಲಿ ಅದನ್ನೂ ಒಂದು ಬಾಬ್ತು ಎಂದು ಬರೆಯಿರಿ.

ಪ್ಯಾನೆಲ್ ಮಿಸ್ತ್ರಿ
ಆರ್ಡರ್ ಕೊಡುವ ಮುನ್ನ ಕಾಗದದ ಮೇಲೆ ಬರೆಸಿಕೊಳ್ಳಿ: ಪ್ರೋಗ್ರಾಂನ ಬ್ಯಾಕಪ್ ಪೆನ್‌ಡ್ರೈವ್‌ನಲ್ಲಿ ಬೇಕು, ಪಾಸ್‌ವರ್ಡ್ ಬೇಕು, ವೈರಿಂಗ್ ನಕ್ಷೆ ಬೇಕು, ವಾಲ್ವ್ ಮತ್ತು ಕಾರ್ಡ್ ಒಂದೊಂದು ಹೆಚ್ಚುವರಿ ಬೇಕು. ಇವು ಕೈಗೆ ಬರುವವರೆಗೆ ಕೊನೆಯ ಕಂತು ಬಿಡಬೇಡಿ. ಹಣ ಕೈ ಬಿಟ್ಟ ಮೇಲೆ ಯಾರೂ ನಕ್ಷೆ ಕೊಡುವುದಿಲ್ಲ.

ಕಡೇಚೂರು ಹುಡುಗ
ಅಣ್ಣಾ, ಟಚ್ ಸ್ಕ್ರೀನ್ ಕನ್ನಡದಲ್ಲಿ ಬರುತ್ತದೆಯೇ? ಇಂಗ್ಲಿಷಿನಲ್ಲಿ ಅಲಾರಂ ಬಂದರೆ ಆ ಅಮ್ಮಂದಿರು ಏನು ಮಾಡಬೇಕು?

ಪ್ಯಾನೆಲ್ ಮಿಸ್ತ್ರಿ
ಈಗಿನ ಹೆಚ್ಚಿನ ಪರದೆಗಳಲ್ಲಿ ಆಗುತ್ತದೆ ತಮ್ಮಾ. ಯುನಿಕೋಡ್ ಅಕ್ಷರ ಹಿಡಿಯುವ ಮಾದರಿ ಇರಬೇಕು, ಅಷ್ಟೇ. ಹಿಡಿಯದಿದ್ದರೆ ಪಠ್ಯವನ್ನು ಚಿತ್ರವಾಗಿ ಮಾಡಿ ಹಾಕಬಹುದು. "ಗಾಳಿಯ ಒತ್ತಡ ಕಡಿಮೆ", "ಗಾಜು ಒರೆಸಿ" ಎಂದು ಬಂದರೆ ಸಾಕು. ನಿನಗೆ ಡಿಪ್ಲೊಮಾ ಆಗಿದೆ, ಲ್ಯಾಪ್‌ಟಾಪ್ ಇದ್ದರೆ ಈ ಪಠ್ಯ ಸಿದ್ಧಮಾಡುವ ಕೆಲಸ ನೀನೇ ಮಾಡು. ಮುಂದಿನ ವಾರ ನಾನು ಯಾದಗಿರಿ ಕಡೆಗೆ ಬರುತ್ತೇನೆ, ಜೊತೆಗೆ ಬಂದರೆ ಪ್ಯಾನೆಲ್ ತೆರೆದು ತೋರಿಸುತ್ತೇನೆ.

ಕಡೇಚೂರು ಹುಡುಗ
ಖಂಡಿತ ಬರುತ್ತೇನೆ ಅಣ್ಣಾ. ಖಾಸಗಿ ಸಂದೇಶದಲ್ಲಿ ನನ್ನ ನಂಬರ್ ಕಳುಹಿಸಿದ್ದೇನೆ.